ನಡೆಯೋಣ, ದುಡ್ಡು ಗದ್ದೆಯಲ್ಲಿ ದುಡಿಯುವವರ ಕೈ ಸೇರಲಿ

ಉಡುಪಿ, ಮಂಗಳೂರಿನಲ್ಲಿ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ, ಇಲ್ಲಿನ ಕಂಪನಿ, ಬ್ಯಾಂಕ್, ಕಾಲೇಜು ನಡೆಸುವವರಿಗೆ, ಮತ್ತು ಎರಡೂ ಜಿಲ್ಲೆಗಳ ಆಡಳಿತಕ್ಕೆ,

ನಮಸ್ಕಾರ.

ಹವಾಮಾನದ ಏರುಪೇರಿನಿಂದ ಪೆಟ್ಟು ತಿನ್ನುತ್ತಿರುವ ರೈತರಿಗಾಗಿ ಒಂದು ನಡಿಗೆ ಮಾಡಬೇಕು, ಅದರಿಂದ ದುಡ್ಡು ಎತ್ತಬೇಕು ಎಂದು ಕಾಪು, ಕಟಪಾಡಿ ಕಡೆಯ ನಾವು ಒಂದಷ್ಟು ಮಂದಿ ಯೋಚಿಸಿದ್ದೇವೆ. ಮಕರ ಸಂಕ್ರಾಂತಿ ಕಳೆದು ಬರುವ ಮೊದಲ ಭಾನುವಾರ ನಡಿಗೆ. ಬೆಳಕು ಹರಿಯುವ ಹೊತ್ತಿಗೆ ಕಾಪು ದೀಪಸ್ತಂಭದ ಹತ್ತಿರದಿಂದ ಹೊರಡುವುದು. ಕಡಲ ಬದಿಯ ದಾರಿಯಲ್ಲಿ ಮಟ್ಟುವಿಗೆ, ಅಲ್ಲಿಂದ ಕಟಪಾಡಿಗೆ, ಮತ್ತೆ ಹೆದ್ದಾರಿ ದಾಟಿ ಶಂಕರಪುರಕ್ಕೆ. ಒಟ್ಟು ಸುಮಾರು 15 ಕಿಲೋಮೀಟರ್.

ನಿಮ್ಮನ್ನು ಕರೆಯುವುದಕ್ಕೆ ಈ ಪತ್ರ. ಅದಕ್ಕಿಂತ ಜಾಸ್ತಿ, ಒಂದು ವಿಷಯವನ್ನು ಮೊದಲೇ ಎಲ್ಲರ ಎದುರು ಹೇಳಿಬಿಡುವುದಕ್ಕೆ. ಹೀಗೆ ಎತ್ತಿದ ದುಡ್ಡು ಗದ್ದೆಗೆ ಇಳಿದು ದುಡಿಯುವವರ ಕೈ ಸೇರಬೇಕು. ಅವರ ಹೆಸರು ಪಹಣಿಯಲ್ಲಿ ಇರಲಿ, ಇಲ್ಲದಿರಲಿ.

ಪ್ರಾಯೋಜಿತ ನಡಿಗೆ ಎಂದರೆ ಎಂತ ಎಂದು ಕೆಲವರು ಕೇಳಿದರು. ಸರಳ. ನೀವು ನಿಮ್ಮ ಪರಿಚಯದವರ ಹತ್ತಿರ ಹೋಗಿ, "ನಾನು 15 ಕಿಲೋಮೀಟರ್ ನಡೆಯುತ್ತೇನೆ, ಕಿಲೋಮೀಟರಿಗೆ ಇಷ್ಟು ಕೊಡಿ" ಎಂದು ಮಾತು ತೆಗೆದುಕೊಳ್ಳುತ್ತೀರಿ. ನಡೆದು ಮುಗಿಸಿದ ಮೇಲೆ ದುಡ್ಡು ವಸೂಲು ಮಾಡುತ್ತೀರಿ. ಅರ್ಧಕ್ಕೆ ನಿಲ್ಲಿಸಿದರೆ ಅಷ್ಟಕ್ಕೇ ದುಡ್ಡು. ಲೋಕದಲ್ಲಿ ಇದು ಹೊಸತೇನಲ್ಲ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಶುರುವಾದ ನೂರು ಕಿಲೋಮೀಟರ್ ನಡಿಗೆಯೊಂದು ಬೇರೆ ಬೇರೆ ದೇಶ ಸುತ್ತಿ, 2012ರಲ್ಲಿ ಬೆಂಗಳೂರಿಗೂ ಬಂದಿತ್ತು. ನಾಲ್ಕು ಮಂದಿಯ ತಂಡ, 48 ಗಂಟೆ, ನೂರು ಕಿಲೋಮೀಟರ್, ಪ್ರತಿ ತಂಡವೂ ದುಡ್ಡು ಎತ್ತಬೇಕು.

ಉಡುಪಿಯವರಿಗಂತೂ ಇದರ ಹಿಂದಿನ ಯೋಚನೆ ಚೆನ್ನಾಗಿ ಗೊತ್ತಿರುವಂಥದ್ದೇ. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ, ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೇ ಬಂದು ಸಂಗ್ರಹ ಮಾಡುತ್ತಿದ್ದರು. ಎರಡಾಣೆ ಎರಡಾಣೆ ಸೇರಿಯೇ ಒಂದು ಬ್ಯಾಂಕ್ ದೊಡ್ಡದಾಯಿತು. ಕಿಲೋಮೀಟರಿಗೆ ಹತ್ತು ರೂಪಾಯಿ ಎಂದರೆ ಯಾರಿಗೂ ಭಾರವಲ್ಲ. ಹಾಗೆ ಕೊಡುವವರು ಇಪ್ಪತ್ತು ಮಂದಿ ಸಿಕ್ಕಿದರೆ ಒಬ್ಬರ ನಡಿಗೆಯಿಂದ ಮೂರು ಸಾವಿರ ರೂಪಾಯಿ ಆಗುತ್ತದೆ. ಈ ಮೂರು ಸಾವಿರ ಸ್ವಲ್ಪ ನೆನಪಿರಲಿ.

ನಡೆಯುವುದೂ ನಮಗೆ ಹೊಸತಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಬರುವವರನ್ನು ಪ್ರತಿ ವರ್ಷ ನೋಡುತ್ತೇವೆ. ಅವರಿಗೆ ದಾರಿಯಲ್ಲಿ ಮಜ್ಜಿಗೆ, ಕಲ್ಲಂಗಡಿ ಕೊಡುತ್ತಾ ನಿಂತವರನ್ನೂ ನೋಡುತ್ತೇವೆ. ಮಂಗಳೂರಿನ ಕದ್ರಿ ಪಾರ್ಕಿನಲ್ಲಿ, ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತಾ ನಡೆಯುವವರು ಎಷ್ಟು ಮಂದಿ! ಕಾಲು ಗಟ್ಟಿ ಇರುವವರಿಗೆ ನಮ್ಮಲ್ಲಿ ಬರ ಇಲ್ಲ.

ಇನ್ನು, ಯಾಕೆ ರೈತರಿಗೆ? ಯಾಕೆ ಈಗ?

ನಮ್ಮಲ್ಲಿ ಮಳೆ ಕಡಿಮೆ ಎಂದು ಯಾರೂ ಹೇಳಲಾರರು. ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಕೆಟ್ಟಿರುವುದು ಅದರ ಹೊತ್ತುಗೊತ್ತು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಎಂಬ ತುಳುನಾಡಿನ ದಿನ ಕಳೆದರೆ ಮಳೆ ಎಂದು ನಂಬಿ ಹಿರಿಯರು ಗದ್ದೆಗೆ ಗೊಬ್ಬರ ಹೊರುತ್ತಿದ್ದರು. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತದ ಗಡಿಬಿಡಿಯ ನಡುವೆ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. 2025ರಲ್ಲಿ ನೋಡಿದರೆ ಮೇ 24ಕ್ಕೇ ಮುಂಗಾರು ಬಂದುಬಿಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡು ವರ್ಷದಲ್ಲಿ ಹದಿನೈದು ದಿನದ ವ್ಯತ್ಯಾಸ. ಛತ್ರಿ ಹಿಡಿದು ಆಫೀಸಿಗೆ ಹೋಗುವವರಿಗೆ ಇದು ದೊಡ್ಡ ವಿಷಯ ಅಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಮಾಡುವವರಿಗೆ ಇಡೀ ವರ್ಷದ ಊಟದ ವಿಷಯ.

ಈಗ ಹೆಚ್ಚಿನವರು ಚಾಪೆ ನೇಜಿ ಮಾಡುತ್ತಾರೆ, ಅಂದರೆ ಭತ್ತದ ಸಸಿಯನ್ನು ಚಾಪೆಯಂತೆ ಬೆಳೆಸುತ್ತಾರೆ, ಯಂತ್ರದಲ್ಲಿ ನೆಡಲಿಕ್ಕೆ. ಆ ನೇಜಿ 15ರಿಂದ 20 ದಿನದೊಳಗೆ ಗದ್ದೆಗೆ ಹೋಗಬೇಕು. ಬೀಜ ಹಾಕಿದ ಮೇಲೆ ಮಳೆ ಕೈಕೊಟ್ಟರೆ ಗದ್ದೆಯಲ್ಲಿ ಕೆಸರು ಆಗುವುದಿಲ್ಲ, ಯಂತ್ರ ಇಳಿಯುವುದಿಲ್ಲ. ನೇಜಿ ಉದ್ದ ಬೆಳೆದು ಹಳದಿಯಾಗುತ್ತದೆ. ಚಾಪೆ ಎತ್ತಿದರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಗೋಣಿಯಂತೆ ಕೈಗೆ ಬರುತ್ತದೆ, ಯಂತ್ರದ ಕೊಕ್ಕೆಗೆ ಅದು ಬಿಡಿಸಿಕೊಳ್ಳುವುದೇ ಇಲ್ಲ. ಆಮೇಲೆ ಹೊಸ ಬೀಜ, ಹೊಸ ಚಾಪೆ. ಆ ಎರಡನೇ ಬೀಜದ ದುಡ್ಡು ಯಾರು ಕೊಡುತ್ತಾರೆ? ಯಾರ ಲೆಕ್ಕದಲ್ಲೂ ಅದು ನಷ್ಟ ಎಂದು ಬರುವುದಿಲ್ಲ. ಬೆಳೆಯೇ ಇನ್ನೂ ಶುರುವಾಗಿಲ್ಲ, ಅಲ್ವಾ?

ಕೊಯ್ಲಿನ ಹೊತ್ತಿನ ಕಥೆ ಇನ್ನೊಂದು. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳು ಜಾಸ್ತಿಯಾಗಿವೆ. 2019ರಲ್ಲಿ ಕ್ಯಾರ್ ಬಂದದ್ದು ಅಕ್ಟೋಬರ್ ಕೊನೆಗೆ, ಸರಿಯಾಗಿ ದೀಪಾವಳಿಗೆ, ಪೈರು ಹಣ್ಣಾಗಿ ನಿಂತ ಸಮಯದಲ್ಲಿ. 2024ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ಫೆಂಗಲ್‌ನ ಮಳೆ ನಮ್ಮ ತನಕ ಬಂದು, ಡಿಸೆಂಬರ್ 3ಕ್ಕೆ ಎರಡೂ ಜಿಲ್ಲೆಗಳಲ್ಲಿ ಶಾಲೆಗೆ ರಜೆ ಕೊಟ್ಟರು. ಡಿಸೆಂಬರಿನಲ್ಲಿ ಮಳೆ ರಜೆ!

ಅಡ್ಡ ಬಿದ್ದ ಪೈರನ್ನು ಹತ್ತಿರದಿಂದ ನೋಡಿದ್ದೀರಾ? ನೀರಿನಲ್ಲಿ ಮಲಗಿ ನಾಲ್ಕೈದು ದಿನವಾದರೆ ತೆನೆಯಲ್ಲೇ ಭತ್ತ ಮೊಳೆಯುತ್ತದೆ. ಕೆಂಪು ಹೊಟ್ಟಿನ ತುದಿಯಲ್ಲಿ ಸೂಜಿ ಮೊನೆಯಷ್ಟು ಬಿಳಿ. ಕೈಯಲ್ಲಿ ಹಿಡಿದರೆ ಬಿಸಿ ಬಿಸಿ ಹುಳಿ ವಾಸನೆ. ಅದನ್ನು ಮಿಲ್ಲಿಗೆ ಒಯ್ದರೆ ಬೇಡ ಎನ್ನುತ್ತಾರೆ. ಚಕ್ರದ ಕಟಾವು ಯಂತ್ರ ಕೆಸರಿಗೆ ಇಳಿಯುವುದಿಲ್ಲ, ಚೈನಿನದ್ದೇ ಬೇಕು, ಅದಕ್ಕೆ ಗಂಟೆಗೆ ಎರಡು ಸಾವಿರಕ್ಕಿಂತ ಮೇಲೆ ಬಾಡಿಗೆ. ಮಲಗಿದ ಪೈರನ್ನು ಕೊಯ್ಯಲು ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ. ಬೈಹುಲ್ಲು ಕಪ್ಪಾಗುತ್ತದೆ, ದನ ಮೂಸಿ ನೋಡಿ ಬಿಡುತ್ತದೆ. ಆಮೇಲೆ ಡೈರಿಗೆ ಹೋಗುವ ಹಾಲೂ ಕಡಿಮೆ. ಒಂದು ವಾರದ ಮಳೆಗೆ ಅಕ್ಕಿ, ಹುಲ್ಲು, ಹಾಲು ಮೂರೂ ಹೋಯಿತು.

ನಮ್ಮ ಮನೆಯ ಹಿಂದಿನ ಬೈಲಿನಲ್ಲಿ, ಅಂದರೆ ಗದ್ದೆಗಳ ಸಾಲಿನಲ್ಲಿ, ಎಂಓ 4 ಎಂಬ ಭತ್ತದ ತಳಿ ಬೇಸಾಯ ಮಾಡುವ ಒಬ್ಬ ಹೆಂಗಸು ಇದ್ದಾರೆ. ಅರವತ್ತು ದಾಟಿದೆ. ಅವರದ್ದು ಎಂದು ಇರುವುದು ಮನೆಯಡಿ ಮತ್ತು ಐದು ಸೆಂಟ್ಸ್ ಮಲ್ಲಿಗೆ. ಬೇಸಾಯ ಮಾಡುವ ಗದ್ದೆ ಇನ್ನೊಬ್ಬರದ್ದು. ಮಾಲೀಕರು ಮುಂಬಯಿಯಲ್ಲಿ, ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿ, ಪಾಲುದಾರರು ಎಷ್ಟು ಮಂದಿ ಎಂದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಗದ್ದೆ ಹಡಿಲು (ಪಾಳು) ಬೀಳಬಾರದು ಎಂದು ಇವರಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದಾರೆ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಅಷ್ಟೇ ಮಾತು. ಒಂದು ವರ್ಷ ಕೊಯ್ಲಿನ ಮಳೆಗೆ ಅರ್ಧಕ್ಕಿಂತ ಜಾಸ್ತಿ ಬೆಳೆ ಹೋಯಿತು. ಇವರು ಅರ್ಜಿ ಹಿಡಿದುಕೊಂಡು ಕಚೇರಿಗೆ ಹೋದರು. ಪಹಣಿಯಲ್ಲಿ ನಿಮ್ಮ ಹೆಸರಿಲ್ಲ ಎಂದರು. ಮಾಲೀಕರಿಂದ ಪತ್ರ ತನ್ನಿ ಎಂದರು. ಮಾಲೀಕರು ಪತ್ರ ಕೊಡಲಿಲ್ಲ. ಅವರು ಕೆಟ್ಟವರೇನಲ್ಲ. ಆ ವರ್ಷ ಗೇಣಿ ಅಕ್ಕಿ ಬೇಡ ಎಂದು ಫೋನಿನಲ್ಲಿ ಹೇಳಿದರು. ಆದರೆ ಕಾಗದಕ್ಕೆ ಸಹಿ ಮಾತ್ರ ಇಲ್ಲ.

ಯಾಕೆ ಇಲ್ಲ ಎಂಬುದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಇಲ್ಲಿ ಎಷ್ಟೋ ಒಕ್ಕಲು ಮನೆಗಳನ್ನು ಎತ್ತಿ ನಿಲ್ಲಿಸಿತು. ಡಿಕ್ಲರೇಷನ್ (ಗೇಣಿದಾರರ ಅರ್ಜಿ) ಕೊಟ್ಟು ಸಿಕ್ಕಿದ ಭೂಮಿ ಎಂದು ಇವತ್ತಿಗೂ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಒಂದು ತಲೆಮಾರು ಶಾಲೆ ಕಲಿತು, ಕೆಲಸ ಹಿಡಿದು ಮೇಲೆ ಬಂದದ್ದರಲ್ಲಿ ಆ ಕಾನೂನಿನ ಪಾಲು ದೊಡ್ಡದು. ನಾನು ಅದನ್ನು ಗೌರವದಿಂದಲೇ ನೆನೆಯುತ್ತೇನೆ. ಅದೇ ಕಾನೂನು ಹೊಸದಾಗಿ ಗೇಣಿಗೆ ಕೊಡುವುದನ್ನು ನಿಲ್ಲಿಸಿತು. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಐವತ್ತು ವರ್ಷ ಕಳೆದಿದೆ. ಆಗ ಭೂಮಿ ಪಡೆದವರ ಮಕ್ಕಳೇ ಈಗ ಮುಂಬಯಿಯಲ್ಲಿ, ದುಬೈಯಲ್ಲಿ ಇದ್ದಾರೆ. ಗದ್ದೆ ಮತ್ತೆ ಬೇರೆಯವರ ಕೈಗೆ ಬಂದಿದೆ, ಬಾಯಿಮಾತಿನಲ್ಲಿ. ಕಾಗದ ಕೊಟ್ಟರೆ ಭೂಮಿ ಹೋದೀತು ಎಂಬ ಹೆದರಿಕೆ ಮಾಲೀಕರಿಗೆ. ಕಾಗದ ಇಲ್ಲದಿದ್ದರೆ ಪರಿಹಾರ ಇಲ್ಲ ಎಂಬ ಗತಿ ಉಳುವವರಿಗೆ.

2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನ ದೊಡ್ಡದಾಗಿ ನಡೆಯಿತು. ಎಷ್ಟೋ ವರ್ಷ ಹುಲ್ಲು, ಪೊದೆ ತುಂಬಿದ್ದ ಬೈಲುಗಳು ಹಸಿರಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಸಂಘ ಸಂಸ್ಥೆಯವರು, ಕಾಲೇಜು ಮಕ್ಕಳು ನೇಜಿ ನೆಟ್ಟರು. ಬಹಳ ಒಳ್ಳೆಯ ಕೆಲಸ. ಆದರೆ ಒಂದು ದಿನ ನೇಜಿ ನೆಟ್ಟು ಬರುವುದು ಬೇರೆ, ಅಕ್ಟೋಬರಿನಲ್ಲಿ ಪೈರು ಮಲಗಿದಾಗ ನಿದ್ದೆಗೆಟ್ಟು ಕೂರುವುದು ಬೇರೆ. ನಾಳೆ ಅದೇ ಗದ್ದೆಗಳು ಮತ್ತೆ ಹಡಿಲು ಬೀಳದೆ ಇರಬೇಕಾದರೆ, ಆ ರಾತ್ರಿ ಒಬ್ಬರೇ ಕೂತವರ ಜೊತೆ ನಿಲ್ಲಲು ಯಾರಾದರೂ ಬೇಕು.

ಸರ್ಕಾರದ ಲೆಕ್ಕ ಹೇಗಿದೆ ಎಂದು ಹೇಳಿಬಿಡುತ್ತೇನೆ. ಕೇಂದ್ರದ 2022ರಿಂದ 2026ರವರೆಗಿನ ನಿಯಮದಲ್ಲಿ, ಶೇಕಡಾ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹೋದರೆ ಮಾತ್ರ ಪರಿಹಾರ ಎಂದಿತ್ತು. ಮಳೆ ಆಶ್ರಯದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನವರೆಗೆ. ಕೆಲವು ವರ್ಷ ರಾಜ್ಯ ಸರ್ಕಾರ ಮೇಲಿಂದ ಸೇರಿಸಿ ಕೊಟ್ಟದ್ದೂ ಇದೆ. ಈಗ ಇದನ್ನು ನಮ್ಮ ಸೆಂಟ್ಸ್ ಲೆಕ್ಕಕ್ಕೆ ತನ್ನಿ. ಐವತ್ತು ಸೆಂಟ್ಸ್, ಅಂದರೆ ಅರ್ಧ ಎಕರೆ ಮಳೆ ಗದ್ದೆ ಪೂರ್ತಿ ಹೋದರೂ 8,500ರ ಲೆಕ್ಕದಲ್ಲಿ ಬರುವುದು 1,700 ಚಿಲ್ಲರೆ ರೂಪಾಯಿ. ಚೈನ್ ಯಂತ್ರದ ಒಂದು ಗಂಟೆಯ ಬಾಡಿಗೆಗೂ ಸಾಲದು. ಅದೂ ಪಹಣಿಯಲ್ಲಿ ಹೆಸರಿದ್ದವರಿಗೆ. ಪಿಎಂ ಕಿಸಾನ್‌ನ ವರ್ಷದ ಆರು ಸಾವಿರವೂ ಭೂಮಿ ಇದ್ದ ಕುಟುಂಬಕ್ಕೇ. ಭತ್ತದ ಬೆಳೆ ವಿಮೆಯಲ್ಲಿ ಗೇಣಿಗೆ ಮಾಡುವವರಿಗೂ ಅವಕಾಶ ಇದೆ ಎಂದು ನಿಯಮ ಹೇಳುತ್ತದೆ, ಆದರೆ ಅಲ್ಲೂ ಕಾಗದ ಬೇಕು.

ಅದಕ್ಕೇ ಆ ಮೂರು ಸಾವಿರ ನೆನಪಿಡಿ ಎಂದದ್ದು. ನಿಮ್ಮ ಒಂದು ಬೆಳಗಿನ ನಡಿಗೆ, ಇಪ್ಪತ್ತು ಗೆಳೆಯರ ಹತ್ತು ಹತ್ತು ರೂಪಾಯಿ, ಐವತ್ತು ಸೆಂಟ್ಸಿನ ಆ ಪರಿಹಾರಕ್ಕಿಂತ ಜಾಸ್ತಿ ಆಗುತ್ತದೆ. ಸರ್ಕಾರದ ಕೈ ಮುಟ್ಟದ ಕಡೆ ಅದು ಮುಟ್ಟಬಹುದು, ಯಾಕೆಂದರೆ ನಮಗೆ ಪಹಣಿ ಕೇಳಬೇಕೆಂಬ ಯಾವ ಕಟ್ಟುಪಾಡೂ ಇಲ್ಲ.

ಹಾಗಾದರೆ ಯಾರು ನಿಜವಾಗಿ ಬೇಸಾಯ ಮಾಡುತ್ತಾರೆ ಎಂದು ತಿಳಿಯುವುದು ಹೇಗೆ? ಊರಿನಲ್ಲಿ ಇದು ಗುಟ್ಟಲ್ಲ ಮಾರಾಯ್ರೇ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಯಾರ ಮನೆಯಲ್ಲಿ ದನ ಇದೆ, ಯಾವ ಗದ್ದೆಯ ಹುಲ್ಲು ಯಾರು ಕೊಂಡೊಯ್ಯುತ್ತಾರೆ, ಯಾರಿಗೆ ನೇಜಿ ಕೆಟ್ಟುಹೋಯಿತು ಎಲ್ಲ ಅಲ್ಲಿ ಗೊತ್ತಿರುತ್ತದೆ. ನಮ್ಮ ಯೋಚನೆ ಇಷ್ಟು: ಬೈಲು ಬೈಲಿಗೆ ಒಂದು ಪಟ್ಟಿ. ಅಕ್ಕಪಕ್ಕದ ಗದ್ದೆಯ ಇಬ್ಬರು ಹೌದು ಎನ್ನಬೇಕು. ಡೈರಿಯಲ್ಲಿ, ಪಂಚಾಯತಿನಲ್ಲಿ ಆ ಪಟ್ಟಿ ಅಂಟಿಸಬೇಕು. ತಕರಾರು ಇದ್ದವರು ಒಂದು ವಾರದೊಳಗೆ ಹೇಳಬೇಕು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವೂ ಅದೇ ಗೋಡೆಯಲ್ಲಿ.

ಇನ್ನೊಂದು ಸಂಗತಿ ಇದೆ, ಇದನ್ನು ಪೇಟೆಯವರು ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆಯ ಬೇಸಾಯದವರು ಸ್ವಾಭಿಮಾನಿಗಳು. ವೇದಿಕೆಗೆ ಕರೆದು, ಫೋಟೋ ತೆಗೆದು, ಲಕೋಟೆ ಕೊಟ್ಟರೆ ಅರ್ಧದಷ್ಟು ಮಂದಿ ಬರುವುದೇ ಇಲ್ಲ. ಬಂದವರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಅದು ಬೇಡವೇ ಬೇಡ. ಎರಡನೇ ಸಲ ನೇಜಿ ಹಾಕಬೇಕಾದವರ ಮನೆಗೆ ಬೀಜ ತಲುಪಲಿ. ಪೈರು ಮಲಗಿದ ಬೈಲಿಗೆ ಚೈನ್ ಯಂತ್ರ ಬರಲಿ, ಬಾಡಿಗೆಯನ್ನು ನಾವು ನೇರ ಯಂತ್ರದವರಿಗೆ ಕೊಡೋಣ. ಭತ್ತ ಒಣಗಿಸಲು ದಪ್ಪ ಟಾರ್ಪಾಲು ಬೇಕು, ಡೈರಿಯಲ್ಲೇ ನಾಲ್ಕು ಇಟ್ಟಿದ್ದರೆ ಬೇಕಾದವರು ಒಯ್ದು ತಂದಿಡುತ್ತಾರೆ. ಕೈಗೆ ದುಡ್ಡು ಕೊಟ್ಟರೆ ಬೇಡ ಎನ್ನುವವರು ಮಳೆ ಮೋಡ ಕವಿದಾಗ ಯಂತ್ರ ಬಂದು ನಿಂತರೆ ಬೇಡ ಎನ್ನುವುದಿಲ್ಲ. ಮತ್ತು ನಷ್ಟವಾದ ಹತ್ತು ದಿನದೊಳಗೆ ತಲುಪಬೇಕು. ಮೊಳೆತ ಭತ್ತ ಮುಂದಿನ ಮಾರ್ಚ್ ತನಕ ಕಾಯುವುದಿಲ್ಲ.

ಇದಕ್ಕೆಲ್ಲ ದುಡ್ಡು ಉಳಿಯಬೇಕು, ಅದಕ್ಕಾಗಿ ನಡಿಗೆಯಲ್ಲಿ ಟೀ ಶರ್ಟ್ ಇಲ್ಲ. ಪದಕ ಇಲ್ಲ. ವೇದಿಕೆ, ಸೌಂಡ್, ಫ್ಲೆಕ್ಸ್, ಹಾರ ತುರಾಯಿ ಯಾವುದೂ ಇಲ್ಲ. ಬಣ್ಣದ ಟೀ ಶರ್ಟ್ ಒಂದರ ದುಡ್ಡಿಗೆ ಎಷ್ಟು ಬೀಜ ಬರುತ್ತದೆ ಎಂದು ಯೋಚಿಸಿದರೆ ಇದಕ್ಕೆ ಬೇರೆ ವಾದ ಬೇಕಾಗಿಲ್ಲ. ನೀರು, ಗಂಜಿ, ಒಂದು ಆಂಬುಲೆನ್ಸ್, ಇಷ್ಟು ಸಾಕು.

ದಾರಿಯನ್ನು ಯಾಕೆ ಹೀಗೆ ಆರಿಸಿದೆವು ಎಂದೂ ಹೇಳಬೇಕು. ನಡೆಯುವುದಕ್ಕೆ ಮಲ್ಪೆ ಬೀಚಿದೆ, ಪಣಂಬೂರು ಬೀಚಿದೆ, ಚಂದವೂ ಇದೆ. ಆದರೆ ಯಾರಿಗಾಗಿ ನಡೆಯುತ್ತೇವೋ ಅವರ ಗದ್ದೆಯ ಬದಿಯಲ್ಲೇ ನಡೆಯಬೇಕು ಎಂದು ನಮಗೆ ಅನಿಸಿತು.

ಮಟ್ಟು ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಸಪೂರ ನೆಲ. ಅಲ್ಲಿ ಬೆಳೆಯುವ ಗುಳ್ಳ ಎಂಬ ಬದನೆ ಸೋದೆ ಮಠದ ವಾದಿರಾಜ ಸ್ವಾಮಿಗಳ ಹೆಸರಿನ ಜೊತೆ ಬೆಸೆದಿದೆ, ಉಡುಪಿ ಕೃಷ್ಣ ಮಠದ ಪರ್ಯಾಯದ ಊಟಕ್ಕೆ ಹೋಗುತ್ತದೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯೂ ಸಿಕ್ಕಿತು. ಜನವರಿಯಲ್ಲಿ ಹೋದರೆ ಗಿಡದಲ್ಲೇ ಕಾಣಬಹುದು. ತಿಳಿ ಹಸಿರು ಉಂಡೆ, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಕೀಳುವವರ ಬೆರಳು ನೋಡಿದರೆ ಆ ಮುಳ್ಳಿನ ಲೆಕ್ಕ ಸಿಗುತ್ತದೆ. ಈ ಗಿಡಕ್ಕೆ ಎರಡು ಕಡೆಯಿಂದ ಹೆದರಿಕೆ. ಸೆಪ್ಟೆಂಬರಿನಲ್ಲಿ ಸಸಿ ಇಡುವ ಹೊತ್ತಿಗೆ ದೊಡ್ಡ ಮಳೆ ಬಂದರೆ ಕೊಳೆಯುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದ ನೆರೆ ಯಾರಿಗೆ ಮರೆತಿದೆ? ಬೇಸಗೆಯಲ್ಲಿ ಹೊಳೆಗೆ ಉಪ್ಪುನೀರು ಏರಿ ಬಂದರೆ ಬಾವಿ ಕೆಡುತ್ತದೆ, ಗದ್ದೆಯ ಅಂಚಿನಲ್ಲಿ ಬೆಳ್ಳಗೆ ಉಪ್ಪು ಕೂರುತ್ತದೆ. ಉಪ್ಪುನೀರು ತಡೆಯುವ ಕಟ್ಟಗಳು ಗಟ್ಟಿ ಇರಬೇಕು, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಹೊತ್ತಿಗೆ ಸರಿಯಾಗಿ ಆಗಬೇಕು. ಹಲಗೆ ಹಾಕಿದ ಮೇಲೆ ಡಿಸೆಂಬರಿನಲ್ಲಿ ಮಳೆ ಸುರಿದರೆ ಮತ್ತೆ ತೆಗೆಯಬೇಕು, ಮತ್ತೆ ಹಾಕಬೇಕು.

ಶಂಕರಪುರದ ಮಲ್ಲಿಗೆಯ ಕಥೆಯೂ ಮಳೆಯದ್ದೇ. ಹೂವು ಅರಳುವ ಮೊದಲು, ಮೊಗ್ಗು ಬಿಗಿ ಇರುವಾಗಲೇ ಕೀಳಬೇಕು. ಬಾಳೆ ನಾರಿನಲ್ಲಿ ಕಟ್ಟಬೇಕು. ಒಂದು ಚೆಂಡಿಗೆ ಸುಮಾರು 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಐದು, ಹತ್ತು ಸೆಂಟ್ಸ್ ಅಂಗಳದಲ್ಲಿ ಇದನ್ನು ಬೆಳೆದು ಮಕ್ಕಳನ್ನು ಓದಿಸಿದ ತಾಯಂದಿರು ಆ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಹೊತ್ತಲ್ಲದ ಹೊತ್ತಿನ ಮಳೆಗೆ ಮೊಗ್ಗು ಕೆಂಪಾಗಿ ಉದುರುತ್ತದೆ. ಮದುವೆ ಸೀಸನ್ನಿನಲ್ಲಿ ಅಟ್ಟೆಯ ರೇಟು ಏರಿತು ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಆಗ ಹೆಚ್ಚಿನ ಅಂಗಳಗಳಲ್ಲಿ ಮಾರಲು ಹೂವೇ ಇರುವುದಿಲ್ಲ.

ಪುತ್ತೂರು, ಸುಳ್ಯ, ಬೆಳ್ತಂಗಡಿಯ ಅಡಿಕೆ ಬೆಳೆಗಾರರು ನಮ್ಮನ್ನು ಬಿಟ್ಟಿರಾ ಎಂದು ಕೇಳಬಹುದು. ಬಿಟ್ಟಿಲ್ಲ. ಮಳೆ ಬಿಡದೆ ಹೊಯ್ದರೆ ಸಿಂಪಡಿಸಿದ ಬೋರ್ಡೋ ದ್ರಾವಣ ಒಣಗಿ ಹಿಡಿದುಕೊಳ್ಳುವುದಿಲ್ಲ, ಮಹಾಳಿ (ಕೊಳೆ ರೋಗ) ಬಂದು ಕಾಯಿ ಉದುರುತ್ತದೆ, ಈಗ ಎಲೆಚುಕ್ಕಿ ರೋಗ ಬೇರೆ. ನಿಮಗೆ ಹವಾಮಾನ ಆಧಾರಿತ ವಿಮೆ ಇದೆ, ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟಿದರೆ 1.28 ಲಕ್ಷದ ವಿಮೆ. ಅದು ನಿಂತಿರುವುದು ಪಂಚಾಯತಿನ ಮಳೆ ಮಾಪನದ ಮೇಲೆ. ಆ ಮಾಪನ ಸರಿ ಇರಬೇಕು ಎಂಬ ನಿಮ್ಮ ಒತ್ತಾಯ ನ್ಯಾಯವಾದದ್ದು. ಅದು ಸರ್ಕಾರ ಮಾಡಿಕೊಡಬೇಕಾದ ಕೆಲಸ. ನಮ್ಮ ಸಣ್ಣ ದುಡ್ಡನ್ನು ಮೊದಲ ವರ್ಷ, ಯಾವ ವಿಮೆಯೂ ಇಲ್ಲದವರಿಗೆ ಮೀಸಲಿಡೋಣ.

ಕಂಪನಿಯವರಿಗೆ, ಬ್ಯಾಂಕಿನವರಿಗೆ ಒಂದು ಮಾತು. 1931ರಲ್ಲಿ, ದೊಡ್ಡ ಆರ್ಥಿಕ ಕುಸಿತದ ಕಾಲದಲ್ಲಿ, ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದ್ದು ಎ.ಬಿ. ಶೆಟ್ಟರು ಮತ್ತು ಅವರ ಜೊತೆಗಿದ್ದ ಬೇಸಾಯಗಾರರು. ಈ ಜಿಲ್ಲೆಗಳ ಬ್ಯಾಂಕುಗಳ ಬೇರು ಗದ್ದೆಯಲ್ಲಿದೆ. ನಿಮ್ಮ ಸಿಎಸ್‌ಆರ್ ದುಡ್ಡಿನಿಂದ ದೊಡ್ಡ ಚೆಕ್ ಕೊಡಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಸಿಬ್ಬಂದಿ ನಡೆದು ತಂದ ಪ್ರತಿ ರೂಪಾಯಿಗೆ ನೀವು ಒಂದು ರೂಪಾಯಿ ಸೇರಿಸಿ. ಮತ್ತು ನೀವೂ ನಡೆಯಿರಿ.

ಮಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು. ತೆನೆ ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಕದಿರು, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮೇರಿ ಮಾತೆಯ ಹುಟ್ಟುಹಬ್ಬಕ್ಕೆ) ಚರ್ಚಿನಲ್ಲಿ ಹಂಚುವ ಭತ್ತದ ತೆನೆ, ಹೊಸ ಅಕ್ಕಿ ಊಟದ ಹಿಡಿ ಅಕ್ಕಿ, ಎಲ್ಲವೂ ಯಾರದೋ ಗದ್ದೆಯಿಂದ ಬರುತ್ತದೆ. ಈ ಸಲ ಆ ಗದ್ದೆ ಯಾವುದು, ಬೇಸಾಯ ಮಾಡಿದವರು ಯಾರು ಎಂದು ವಿಚಾರಿಸಿ. ಆ ಬೈಲನ್ನೂ ನಮ್ಮ ಪಟ್ಟಿಗೆ ಸೇರಿಸೋಣ.

ನಡಿಗೆಯಿಂದ ಎಂತ ಆಗುತ್ತದೆ, ಬದಲಾಗಬೇಕಾದದ್ದು ಕಾನೂನು ಎಂದು ಕೆಲವು ಗೆಳೆಯರು ಹೇಳುತ್ತಾರೆ. ಕಾನೂನು ಬದಲಾಗಲೇಬೇಕು. ಅದಕ್ಕೆ ದಾರಿಯೂ ಇದೆ. ಆಂಧ್ರಪ್ರದೇಶ 2019ರಲ್ಲಿ ಬೆಳೆ ಬೆಳೆಯುವವರ ಹಕ್ಕಿನ ಕಾಯ್ದೆ ತಂದಿತು. ಮಾಲೀಕರು ಮತ್ತು ಗೇಣಿಗೆ ಮಾಡುವವರ ನಡುವೆ 11 ತಿಂಗಳ ಒಪ್ಪಂದ. ಅದರ ಮೇಲೆ ಒಂದು ಕಾರ್ಡ್. ಆ ಕಾರ್ಡ್ ಹಿಡಿದು ಸಾಲ, ವಿಮೆ, ಪರಿಹಾರ ಕೇಳಬಹುದು. ಭೂಮಿಯ ಒಡೆತನಕ್ಕೆ ಮಾತ್ರ ಅದರಿಂದ ಏನೂ ಆಗುವುದಿಲ್ಲ. ಅಲ್ಲೂ ಮಾಲೀಕರ ಸಹಿ ಸಿಗುವುದು ಕಷ್ಟವೇ. ಆದರೂ ಉಳುವವರಿಗೆ ಕೇಳಲು ಒಂದು ಬಾಗಿಲಾದರೂ ಇದೆ. ನಮ್ಮಲ್ಲಿ ಪ್ರತಿ ಹಂಗಾಮಿಗೆ ಮೊಬೈಲ್ ಆ್ಯಪಿನಲ್ಲಿ ಬೆಳೆ ಸಮೀಕ್ಷೆ ನಡೆಯುತ್ತದೆ. ಸರ್ವೆ ನಂಬರು, ಬೆಳೆ, ಫೋಟೋ ಎಲ್ಲ ದಾಖಲಾಗುತ್ತದೆ. ಈ ಹಂಗಾಮಿನಲ್ಲಿ ಇಲ್ಲಿ ಬೇಸಾಯ ಮಾಡಿದವರು ಯಾರು ಎಂದು ಇನ್ನೊಂದು ಸಾಲು ಅಲ್ಲಿ ಸೇರಲಿ, ಒಡೆತನಕ್ಕೆ ಇದರಿಂದ ಸಂಬಂಧವಿಲ್ಲ ಎಂದು ಅದರ ಕೆಳಗೆ ಸ್ಪಷ್ಟವಾಗಿ ಬರೆದಿರಲಿ. ಎರಡೂ ಜಿಲ್ಲಾಡಳಿತಗಳು ಈ ಮಾತನ್ನು ಬೆಂಗಳೂರಿಗೆ ಬರೆದು ಕಳಿಸಬೇಕು ಎಂದು ಕೈಮುಗಿದು ಕೇಳುತ್ತೇನೆ. ಬೈಲು ಬೈಲಿಗೆ ನಾವು ಮಾಡುವ ಪಟ್ಟಿಯ ಪ್ರತಿಯನ್ನು ನಿಮಗೂ ಕೊಡುತ್ತೇವೆ, ಹೆಸರು ಕೊಡಲು ಒಪ್ಪಿದವರದ್ದು ಮಾತ್ರ.

ನಡಿಗೆಯ ದಿನಕ್ಕೆ ಜಿಲ್ಲಾಡಳಿತದಿಂದ ಬೇಕಾದದ್ದು ಸ್ವಲ್ಪ. ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ದಾಟಬೇಕು. ಅಲ್ಲಿ ವಾಹನಗಳ ವೇಗ ನಿಮಗೆ ಗೊತ್ತು. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಪೊಲೀಸರು ನಿಂತು ಗುಂಪು ಗುಂಪಾಗಿ ದಾಟಿಸಿದರೆ ಸಾಕು. ಉದ್ಘಾಟನೆಗೆ ಯಾರನ್ನೂ ಕರೆಯುವುದಿಲ್ಲ, ಹಾಗಾಗಿ ಬೇರೆ ಬಂದೋಬಸ್ತು ಬೇಡ. ಅಧಿಕಾರಿಗಳು ಬರುವುದಾದರೆ ನಡೆಯಲು ಬನ್ನಿ, ಮಟ್ಟುವಿನ ಕಟ್ಟದ ಮೇಲೆ ಒಟ್ಟಿಗೆ ನಡೆಯುವಾಗ ಅಲ್ಲಿನವರೇ ನಿಮಗೆ ಎಲ್ಲ ತೋರಿಸುತ್ತಾರೆ.

ನಡೆಯುವವರು ದೀಪಾವಳಿಯೊಳಗೆ ಹೆಸರು ಕೊಡಿ, ಕಿಲೋಮೀಟರಿಗೆ ಮಾತು ಕೊಟ್ಟವರ ಪಟ್ಟಿ ಡಿಸೆಂಬರ್ ಮುಗಿಯುವುದರೊಳಗೆ ಆಗಲಿ. ಪೂರ್ತಿ 15 ಆಗದವರು ಮಟ್ಟುವಿನಲ್ಲಿ ಸೇರಿಕೊಳ್ಳಬಹುದು. ಮಕ್ಕಳನ್ನು, ಅಜ್ಜಂದಿರನ್ನು ಕಟಪಾಡಿಯಿಂದ ಕರೆದುಕೊಂಡು ಬನ್ನಿ. ಹಳೆ ಚಪ್ಪಲಿ ಹಾಕಿಕೊಂಡು ಬಂದರೂ ಆಗುತ್ತದೆ. ಶಂಕರಪುರದಲ್ಲಿ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ, ಚಟ್ನಿ ಇರುತ್ತದೆ, ಅಕ್ಕಿ ನಮ್ಮ ಬೈಲಿನದ್ದೇ.

ಇತಿ,
ಕಾಪು ತಾಲೂಕಿನ ಒಬ್ಬ ನಿವಾಸಿ